ಕಾಲು ಬಿಟ್ಟು ಉಳಿದದ್ದೆಲ್ಲ

ಮಾತು ಕೊಟ್ಟದ್ದು ಬಚ್ಚಲಲ್ಲಿ. ಶ್ಯಾಮಲಾಗೆ ಆಗ ಹದಿನೇಳು. ಬಟ್ಟೆ ಹಿಂಡುತ್ತಿದ್ದವಳು ಹಿಂದಕ್ಕೆ ಬಿದ್ದು, ಕೈಕಾಲು ಸೆಟೆದುಕೊಂಡು, ನಾಲಿಗೆ ಕಚ್ಚಿಕೊಂಡು, ಲಂಗದಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು. ಅವಳವ್ವ ಓಡಿಬಂದು ಮಗಳ ಮುಷ್ಟಿಯೊಳಗೆ ಬೀಗದ ಕೈ ತುರುಕಿದಳು. ಕಬ್ಬಿಣ ಹಿಡಿಸಿದರೆ ಫಿಟ್ಸು ನಿಲ್ಲುತ್ತದೆಂದು ಊರೆಲ್ಲ ನಂಬಿದ್ದು. ಫಿಟ್ಸು ತನಗೆ ಸಾಕೆನಿಸಿದಾಗ ನಿಂತಿತು. ಹೆಸರು ಬೀಗದ ಕೈಗೆ ಬಂತು.

ತೊಳೆದು ಬಟ್ಟೆ ಬದಲಿಸಿದವಳು ಅಣ್ಣನ ಹೆಂಡತಿ ಹೊಳೆವ್ವ. ಹುಡುಗಿ ಕಣ್ಣು ಬಿಟ್ಟವಳೇ ನೋವು ಎನ್ನಲಿಲ್ಲ, ನೀರು ಎನ್ನಲಿಲ್ಲ.

"ಯಾರಾದ್ರೂ ನೋಡಿದ್ರೇನು ವೈನಿ?"

"ನಾ ನೋಡೀನಿ, ನಿಮ್ಮವ್ವ ನೋಡ್ಯಾಳ. ಸಾಕು."

"ಯಾರ ಮುಂದೂ ನನ್ನ ಹೆಸರು ಹೇಳಬ್ಯಾಡ. ಫಿಟ್ಸ್ ಬರ್ತಾವಂದ್ರ ಯಾರು ಮಾಡ್ಕೋತಾರ ನನ್ನ?"

"ಹೇಳೂದಿಲ್ಲ. ಕುತ್ತಿಗಿ ಮ್ಯಾಲೆ ಕುಡುಗೋಲು ಇಟ್ರೂ ಹೇಳೂದಿಲ್ಲ."

ಕುಡುಗೋಲು ಇಡುವವರು ಯಾರೂ ಬರಲಿಲ್ಲ. ಕರೀ ಕೋಟಿನವರು ಬಂದರು. ಅದು ಬಹಳ ವರ್ಷದ ಮೇಲೆ.

ಹಾವೇರಿ ಕಡೆಯಿಂದ ಬಂದು ಟಿ. ದಾಸರಹಳ್ಳಿಯ ವಠಾರದಲ್ಲಿ ಎರಡು ಕೋಣೆ ಹಿಡಿದಿದ್ದ ಆ ಮನೆಯಲ್ಲಿ ಕಾರ್ಮಿಕರ ಬಿಟ್ಟಿ ಆಸ್ಪತ್ರೆಯ ಕಾರ್ಡು ಇದ್ದದ್ದು ಹೊಳೆವ್ವನಿಗೆ ಮಾತ್ರ. ಗಂಡ ಭರಮಪ್ಪ ಸೆಕ್ಯೂರಿಟಿ. ಗುತ್ತಿಗೆಯವನು ಅವನಿಗೆ ಟೋಪಿ ಕೊಟ್ಟಿದ್ದ, ಸೀಟಿ ಕೊಟ್ಟಿದ್ದ, ಕಾರ್ಡು ಕೊಟ್ಟಿರಲಿಲ್ಲ. ಹೊಳೆವ್ವನದು ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿ. ಮಷೀನಿನಿಂದ ಬಿದ್ದ ಹಿತ್ತಾಳೆ ತುಂಡಿನ ಅಂಚು ಬ್ಲೇಡಿನ ಹಾಗಿರುತ್ತದೆ. ಅರ ಹಿಡಿದು ಉಜ್ಜಿ ಉಜ್ಜಿ ಅದನ್ನು ಮೊಂಡು ಮಾಡಬೇಕು. ಬೆರಳ ತುದಿಯೂ ಜತೆಗೇ ಸವೆಯುತ್ತದೆ. ಕೆಲಸವೆಲ್ಲ ನಿಂತೇ. ಕೂತರೆ ಹೆಂಗಸರಿಗೆ ನಿದ್ದೆ ಬರುತ್ತದೆ ಎಂದು ಸೂಪರ್‌ವೈಸರು ಕೂತುಕೊಂಡೇ ಹೇಳುತ್ತಿದ್ದ.

ವಠಾರದ ಪದ್ಧತಿ ಹೀಗಿತ್ತು: ಕಾರ್ಡು ಒಬ್ಬರದು, ಕಾಯಿಲೆ ಎಲ್ಲರದು. ಯಾರ ಮನೆಯಲ್ಲಿ ಕಾರ್ಡು ಇದೆಯೋ ಅವರ ಹೆಸರಿನಲ್ಲಿ ಆಚೀಚೆ ಮನೆಯವರು ಜ್ವರ ತೋರಿಸಿಕೊಳ್ಳುತ್ತಿದ್ದರು. ಅದನ್ನು ಯಾರೂ ಕಳ್ಳತನ ಅಂದುಕೊಂಡಿರಲಿಲ್ಲ. ನೆಂಟರು ಬಂದರೆ ಪಕ್ಕದ ಮನೆಯ ಚಾಪೆ ತರುವುದಿಲ್ಲವೆ, ಹಾಗೆ. ಕಾರ್ಡಿನ ಮೇಲೆ ಫೋಟೋ ಇರುತ್ತಿತ್ತು, ನಿಜ. ಆದರೆ ಆ ಫೋಟೋದಲ್ಲಿ ಕಾಣುತ್ತಿದ್ದದ್ದು ಒಂದು ಕುಂಕುಮ, ಎರಡು ಕಿವಿ. ಅಷ್ಟು ಯಾವ ಹೆಂಗಸಿಗಿಲ್ಲ?

ಅತ್ತೆಯೇ ದಾರಿ ಹುಡುಕಿದಳು. "ಹುಡುಗೀನ ನಿನ್ನ ಹೆಸರಿಲೆ ತೋರಿಸು. ಔಷಧನೂ ಬಿಟ್ಟಿ, ಹೆಸರೂ ಹೊರಗ ಬರೂದಿಲ್ಲ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಶ್ಯಾಮಲಾ ತಿಂಗಳು ತಿಂಗಳು ಕುಂಕುಮ ಅಗಲ ಮಾಡಿಕೊಂಡು ಆಸ್ಪತ್ರೆಗೆ ಹೋದಳು. "ಹೊಳೆವ್ವಾ" ಎಂದು ಕೂಗಿದರೆ ಎದ್ದು ನಿಂತಳು. ಡಾಕ್ಟರು ತಲೆ ತಗ್ಗಿಸಿಯೇ ಬರೆದರು. ಒಂದು ಹಾಳೆಯಲ್ಲಿ ಹೊಳೆವ್ವನ ತೂಕ ನಲವತ್ತು, ಅದರ ಹಿಂದಿನ ಹಾಳೆಯಲ್ಲಿ ಅರವತ್ತು. ಪೆನ್ನು ತಡೆಯಲಿಲ್ಲ. ಬಡವರ ಮೈ, ಏರುತ್ತದೆ ಇಳಿಯುತ್ತದೆ.

ಮಾತ್ರೆ ಫಲ ಕೊಟ್ಟಿತು. ಫಿಟ್ಸು ನಿಂತಿತು. ಶ್ಯಾಮಲಾಳನ್ನು ಆಟೋ ಓಡಿಸುವ ಮುರಿಗೆಪ್ಪನಿಗೆ ಕೊಟ್ಟರು. ಒಳ್ಳೆಯ ದುಡಿಮೆಗಾರ. ಹೆಂಡತಿಗೆ ಒಂದು ನೆಗಡಿ ಬಂದರೂ ಅವಳಪ್ಪನ ಮನೆಯ ಮೋಸ ಎಂದು ಅನುಮಾನಿಸುವ ಮನುಷ್ಯ. ಎರಡು ಮಕ್ಕಳಾದವು. ಅತ್ತೆ ತೀರಿಕೊಂಡಳು. ಗುಟ್ಟು ಮೂರು ಜನರಲ್ಲಿ ಉಳಿಯಿತು. ಅದರಲ್ಲಿ ಭರಮಪ್ಪನಿಗೆ ತಂಗಿಯೂ ಬೇಕು ಹೆಂಡತಿಯೂ ಬೇಕು, ಹಾಗಾಗಿ ಬಾಯಿ ಬೇಡವಾಗಿತ್ತು.

ಆಮೇಲೆ ಟ್ಯಾಂಕರು ಬಂತು.

ಶಿಫ್ಟು ಮುಗಿಸಿ ಸರ್ವೀಸ್ ರೋಡಿನ ಅಂಚಿನಲ್ಲಿ ನಡೆದು ಬರುತ್ತಿದ್ದಳು ಹೊಳೆವ್ವ. ನೀರಿನ ಟ್ಯಾಂಕರು ಎದುರು ದಿಕ್ಕಿನಿಂದ, ಬರಬಾರದ ಕಡೆಯಿಂದ ಬಂತು. ಡ್ರೈವರು ಫೋನಿನಲ್ಲಿದ್ದ. ಯಾವುದೋ ಅಪಾರ್ಟ್‌ಮೆಂಟಿನಲ್ಲಿ ನೀರು ಖಾಲಿಯಾಗಿತ್ತಂತೆ. ಎಡಗಾಲಿನ ಮೇಲೆ ಮುಂದಿನ ಚಕ್ರ ಹತ್ತಿತು, ಜನ ಕೂಗಿದ ಮೇಲೆ ಹಿಂದಕ್ಕೆ ಬರಲು ಹೋಗಿ ಮತ್ತೊಮ್ಮೆ ಹತ್ತಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಪೊಲೀಸರು ಟ್ಯಾಂಕರನ್ನು ಸ್ಟೇಷನ್ನಿಗೆ ಒಯ್ದರು. ನೀರು ಮಾತ್ರ ಹೇಗೋ ಅಪಾರ್ಟ್‌ಮೆಂಟಿಗೆ ಮುಟ್ಟಿತು.

ಪರಿಹಾರಕ್ಕೆ ಕೇಸು ಹಾಕಿದವರು ವಕೀಲ ಸೊಣ್ಣಪ್ಪ. ತಾತನ ರಾಗಿ ಹೊಲ ಶೆಡ್ಡಾಗಿ, ಶೆಡ್ಡು ಬಾಡಿಗೆಯಾಗಿ, ಬಾಡಿಗೆ ಕಾಲೇಜಿನ ಫೀಸಾಗಿ ಹುಟ್ಟಿದ ವಕೀಲರು. ಕೆಟ್ಟವರಲ್ಲ. "ಕಾಲೇ ಇಲ್ಲ ಕಣಮ್ಮಾ, ಇದಕ್ಕಿಂತ ಸಾಕ್ಷಿ ಏನು ಬೇಕು? ಕಣ್ಣು ಮುಚ್ಕೊಂಡು ಗೆಲ್ತೀವಿ" ಎಂದಿದ್ದರು. ಹೊಳೆವ್ವನ ಹಳೆಯ ಚೀಟಿಗಳಿದ್ದರೆ ತಾ ಎಂದಿದ್ದರು. ಆಕೆ ಊರುಗೋಲು ಹಾಕಿಕೊಂಡು ಕಾರ್ಡಿನ ಆಸ್ಪತ್ರೆಗೆ ಹೋದಳು. ಒಂದು ಕೌಂಟರಿನವನು ಇನ್ನೊಂದಕ್ಕೆ ಕಳಿಸಿದ. ಅಲ್ಲಿಯವಳು ಮಹಡಿ ತೋರಿಸಿದಳು. ಮಹಡಿಯ ಮೇಲಿನವನು, "ಪೇಷಂಟುಗಳ ಕೈಗೆ ಫೈಲು ಕೊಡಲ್ಲಮ್ಮ, ಅದು ಗುಟ್ಟಿನ ವಿಷಯ" ಎಂದ. ಮೆಟ್ಟಿಲನ್ನು ಅಂಡಿನ ಮೇಲೆ ಕೂತು ಕೂತು ಇಳಿದಳು.

ಗುಟ್ಟಿನ ವಿಷಯವನ್ನು ಟ್ಯಾಂಕರಿನ ಇನ್ಶೂರೆನ್ಸ್ ಕಂಪನಿಯವರು ಒಂದು ಸಮನ್ಸ್ ಕಳಿಸಿ ತರಿಸಿಕೊಂಡರು. ಇಡೀ ಫೈಲು. ದಾರ ಕಟ್ಟಿ, ಸೀಲು ಹೊಡೆದು, ಆಸ್ಪತ್ರೆಯ ಗುಮಾಸ್ತನೇ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೋರ್ಟಿಗೆ ತಂದು ಕೊಟ್ಟ. ಹೊಳೆವ್ವನನ್ನು ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಆಕೆ ಯಾರು? ಬರೀ ಪೇಷಂಟು.

ಪಾಟೀಸವಾಲಿನ ದಿನ ಮುರಿಗೆಪ್ಪನ ಆಟೋದಲ್ಲಿ ಬಂದರು. ಹಿಂದಿನ ಬೆಂಚಿನಲ್ಲಿ ಭರಮಪ್ಪ, ಶ್ಯಾಮಲಾ, ಮುರಿಗೆಪ್ಪ ಕೂತರು. ಸಂಬಳದ ಸಾಕ್ಷಿ ಹೇಳಲು ಫ್ಯಾಕ್ಟರಿಯ ಆಫೀಸಿನವನೂ ಬಂದಿದ್ದ. ಉಳಿದವರು ತಮ್ಮ ತಮ್ಮ ಮುರಿದ ಕೈಕಾಲು ಹಿಡಿದು ಸರದಿಗೆ ಕಾದವರು. ಹೊಳೆವ್ವ ಕಟಕಟೆಗೆ ಒರಗಿ ನಿಂತಳು. ಒಂದು ಕಾಲು, ಎರಡು ಊರುಗೋಲು.

ಇನ್ಶೂರೆನ್ಸಿನ ವಕೀಲ ಬಹಳ ಮರ್ಯಾದಸ್ಥ. ಬಹುವಚನದಲ್ಲೇ ಮಾತಾಡಿದ.

"ಈ ಫೈಲಿನಲ್ಲಿರೋ ಹೊಳೆವ್ವ ಕೋಂ ಭರಮಪ್ಪ ನೀವೇ ತಾನೆ?"

"ಹೌದ್ರಿ."

"ನಿಮಗೆ ಮೊದಲ ಹೆರಿಗೆ ಆದ್ಮೇಲೆ ಒಂದು ಬಸಿರು ಇಳಿದಿತ್ತು?"

"ಹೌದ್ರಿ."

"ಬಿಳಿ ಹೋಗುತ್ತೆ ಅಂತ ಹಲವಾರು ಸಲ ತೋರಿಸಿಕೊಂಡಿದ್ದೀರಿ?"

ಹಿಂದೆ ಯಾರೋ ಕೆಮ್ಮಿದರು. ಹೊಳೆವ್ವ ಕಟಕಟೆಯ ಮರ ನೋಡಿದಳು. "ಹೌದ್ರಿ."

"ಎಡಕಿವಿಯ ತಮಟೆ ಹರಿದಿದೆ. ಗಂಡ ಹೊಡೆದಿದ್ದು ಅಂತ ಬರೆಸಿದ್ದೀರಿ?"

ಭರಮಪ್ಪ ತಲೆ ಎತ್ತಿ ಫ್ಯಾನು ನೋಡತೊಡಗಿದ. ಅದು ತಿರುಗುತ್ತಿರಲಿಲ್ಲ.

"ಬರೆಸಿದ್ದೆ."

ಇಷ್ಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದ ಗಂಡ ಕೇಳಿ ತಿಳಿಯದ್ದನ್ನೆಲ್ಲ ಈ ಮನುಷ್ಯ ಒಂದು ಬೆಳಿಗ್ಗೆಯಲ್ಲಿ ತಿಳಿದುಕೊಂಡಿದ್ದ. ಎಲ್ಲೆಲ್ಲಿ ಏನೇನಾಗಿತ್ತೋ ಅಲ್ಲಲ್ಲಿ ಹಳದಿ ಚೀಟಿ ಅಂಟಿಸಿಕೊಂಡು ಬಂದಿದ್ದ. ಎದೆಯಲ್ಲಿ ಗಂಟಾಗಿ ಕರಗಿದ್ದು, ಮುಟ್ಟು ನಿಲ್ಲದೆ ರಕ್ತ ಕಡಿಮೆಯಾಗಿದ್ದು, ಆಪರೇಷನ್ನಿನ ಹೊಲಿಗೆ ಕೀವಾಗಿದ್ದು. ಒಂದೊಂದನ್ನೂ ಓದಿದ. ಸರದಿಗೆ ಕಾದವರೆಲ್ಲ ತಮ್ಮ ನೋವು ಮರೆತು ಕೇಳಿದರು. ಕಾಲಿನ ಮಾತು ಮಾತ್ರ ಬರಲಿಲ್ಲ. ಎದುರಿಗೇ ಇರಲಿಲ್ಲವಲ್ಲ, ಅದಕ್ಕೋ ಏನೋ.

ಕೊನೆಗೆ ಎಲ್ಲಕ್ಕಿಂತ ದಪ್ಪ ಕಂತೆಗೆ ಅಂಟಿಸಿದ ಚೀಟಿಯ ಹತ್ತಿರ ಬಂದ. ದನಿ ಇನ್ನೂ ಮೆತ್ತಗಾಯಿತು.

"ಫಿಟ್ಸ್‌ಗೆ ವರ್ಷಾನುಗಟ್ಟಲೆ ಮಾತ್ರೆ ತಗೊಂಡಿದ್ದೀರಿ. ಅವತ್ತು ರಸ್ತೇಲಿ ಫಿಟ್ಸ್ ಬಂದು ನೀವೇ ಟ್ಯಾಂಕರಿನ ಕೆಳಗೆ ಬಿದ್ರಿ. ಡ್ರೈವರದ್ದೇನೂ ತಪ್ಪಿಲ್ಲ ಅಂದ್ರೆ?"

ಹೊಳೆವ್ವ ಹಿಂದಿನ ಬೆಂಚಿನ ಕಡೆ ನೋಡಲಿಲ್ಲ. ನೋಡಿದರೆ ಕಣ್ಣೇ ಹೇಳಿಬಿಡುತ್ತದೆ.

ಸೊಣ್ಣಪ್ಪ ಎದ್ದು ಏನೇನೋ ಇಂಗ್ಲಿಷಿನಲ್ಲಿ ಅಂದರು. ಊಟದ ಹೊತ್ತಾಗಿತ್ತು. ನ್ಯಾಯಾಧೀಶೆ ಎದ್ದರು.

ಕಾರಿಡಾರಿನಲ್ಲಿ ಸೊಣ್ಣಪ್ಪ ಬೆವರು ಒರೆಸಿಕೊಂಡರು. "ಏನಮ್ಮಾ ಇದು? ಫಿಟ್ಸ್ ಇದೆ ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ನಂಗಿಲ್ರಿ."

"ಫೈಲಲ್ಲಿದೆಯಲ್ಲಮ್ಮ!"

"ಫೈಲಿಗಿರಬೇಕು."

ಸೊಣ್ಣಪ್ಪ ಆಕೆಯ ಮುಖ ನೋಡಿದರು. ಅವರ ಶೆಡ್ಡಿನ ಹಿಂದೆಯೂ ಬಾಡಿಗೆ ಮನೆಗಳಿದ್ದವು. "ಓ... ಕಾರ್ಡು ಕೊಟ್ಟಿದ್ಯಾ? ಯಾರಿಗೆ? ಹೇಳಮ್ಮ. ಒಂದು ಹೆಸರು. ಅವಳನ್ನ ಸಾಕ್ಷಿಗೆ ಹತ್ತಿಸ್ತೀನಿ, ಇವನ ಬಾಯಿ ಮುಚ್ಚಿಸ್ತೀನಿ. ಕಾರ್ಡಿನ ವಿಷಯಕ್ಕೆ ಬೈಸ್ಕೊಂಡ್ರಾಯ್ತು."

"ಆಕೀನ ಹತ್ತಿಸಿದ್ರ ಆಕಿ ಫೈಲೂ ತರಸ್ತಾರೇನ್ರಿ?"

"ತರಿಸ್ತಾರೆ. ಡಾಕ್ಟರು ಪರೀಕ್ಷೆ ಮಾಡ್ತಾರೆ, ತಲೆ ಸ್ಕ್ಯಾನು ಅಂತಾರೆ. ಪ್ರೂವ್ ಮಾಡ್ಬೇಕಲ್ಲಮ್ಮ."

"ಹಿಂಗ ಎಲ್ಲಾರ ಮುಂದ ಓದ್ತಾರ?"

"ಓಪನ್ ಕೋರ್ಟು ಕಣಮ್ಮ ಇದು."

"ಹಂಗಾದ್ರ ಯಾರೂ ಇಲ್ರಿ."

"ಅಯ್ಯೋ, ನಿನ್ನ ಕಾಲು ಕಣಮ್ಮಾ! ನಂದಲ್ಲ!" ಎಂದು ಸೊಣ್ಣಪ್ಪ ಕ್ಯಾಂಟೀನಿಗೆ ಹೋದರು.

ಮುರಿಗೆಪ್ಪ ಆಟೋ ನೋಡಿಕೊಂಡು ಬರಲು ಹೋಗಿದ್ದ. ಶ್ಯಾಮಲಾ ನೀರಿನ ಬಾಟಲಿ ಹಿಡಿದು ಬಂದು ಗೋಡೆಗೆ ನಿಂತಳು. ತುಟಿ ಬಿಳಿಚಿತ್ತು.

"ಹೇಳಿಬಿಡು ವೈನಿ. ನಾ ತಡ್ಕೋತೀನಿ."

"ನೀ ತಡ್ಕೋತಿ. ನಿನ್ನ ಗಂಡ?"

"ಬಿಟ್ರ ಬಿಡ್ಲಿ."

"ಬಿಡ್ತಾನ. ಮಕ್ಕಳನ್ನ ಇಟ್ಕೊಂಡು ನಿನ್ನ ಬಿಡ್ತಾನ. ಆಮ್ಯಾಲ ಆ ಮಕ್ಕಳಿಗೂ ಸ್ಕ್ಯಾನ್ ಮಾಡಿಸ್ತಾನ." ಹೊಳೆವ್ವ ಬಾಟಲಿ ಕಿತ್ತುಕೊಂಡು ಗಟಗಟ ಕುಡಿದಳು. "ನಿನ್ನ ಮ್ಯಾಲಿನ ಕರುಣಕ್ಕ ನಾ ಸುಮ್ಮನಿದ್ದೀನಿ ಅನ್ಕೋಬ್ಯಾಡ. ಸಿಟ್ಟು ಬಂದೈತಿ ನನಗ. ನನ್ನ ಲಂಗದ ಒಳಗಿಂದೆಲ್ಲಾ ಎತ್ತಿ ಎತ್ತಿ ಓದಿದ್ರು. ಇನ್ನೊಂದು ಹೆಂಗಸು ಕೊಡ್ತೀನಿ, ಆಕಿಂದೂ ಓದ್ರಿ ಅಂತ ನಾನ ತಂದು ಕೊಡಬೇಕೇನು? ಕೊಡೂದಿಲ್ಲ. ಹೋಗಿ ಕೂಡು."

ಊಟದ ನಂತರ ವಕೀಲ ಹಲ್ಲಿನ ಸಂದಿ ಚೊಕ್ಕ ಮಾಡಿಕೊಂಡೇ ಎದ್ದ.

"ಫಿಟ್ಸ್ ಇತ್ತೋ, ಇಲ್ವೋ?"

"ಅದನ್ನ ಹೇಳೂದಿಲ್ರಿ."

"ಹೌದು ಅಥವಾ ಇಲ್ಲ. ಎರಡರಲ್ಲೊಂದು."

"ಎರಡೂ ಹೇಳೂದಿಲ್ಲ. ಕಾಲು ಕೇಳ್ರಿ. ಕಾಲಿಂದು ಹೇಳ್ತೀನಿ."

ನ್ಯಾಯಾಧೀಶೆ ಕನ್ನಡಕ ಸರಿಮಾಡಿಕೊಂಡರು. "ನೋಡಮ್ಮಾ, ಉತ್ತರ ಕೊಡದಿದ್ರೆ ಒಪ್ಪಿಕೊಂಡ ಹಾಗಾಗುತ್ತೆ. ನಿನಗೇ ನಷ್ಟ."

"ಮೇಡಂ, ಒಂದು ಕೇಳ್ಲೇನ್ರಿ? ನನ್ನ ಫೈಲು ನನಗ ಬೇಕಂದ್ರ ಗುಟ್ಟು ಅಂದ್ರು, ಮಹಡಿ ಹತ್ತಿಸಿ ಇಳಿಸಿದ್ರು. ಇವ್ರಿಗೆ ಹ್ಯಾಂಗ ಸಿಕ್ತು?"

"ಕೋರ್ಟಿನ ಆದೇಶದಿಂದ ತರಿಸಿದ್ದಮ್ಮ."

"ಕಾಲಿಂದು ಒಂದು ಹಾಳಿ ತರಿಸಿದ್ರ ಸಾಕಿತ್ತಲ್ರಿ. ನನ್ನ ಬಸಿರು ಯಾಕ ತರಿಸಿದ್ರಿ? ಟ್ಯಾಂಕರು ನನ್ನ ಬಸಿರಿನ ಮ್ಯಾಲೆ ಹೋಗಿತ್ತೇನು? ಡ್ರೈವರಂದು ತರಿಸಿದ್ರೇನು ಫೈಲು? ಅವನ ಕಣ್ಣು ಹ್ಯಾಂಗದಾವು, ಅವ ಕುಡೀತಾನೋ, ಅವನ ಹೆಂಡ್ತಿಗೆ ಬಿಳಿ ಹೋಗ್ತದೋ? ಅದನ್ನೂ ಓದ್ರಿ, ಕೇಳೂಣು!"

ಕೋರ್ಟು ಹಾಲಿನಲ್ಲಿ ನಗು ಎದ್ದಿತು. ವಕೀಲ ಕೈ ಎತ್ತಿದ. "ಉತ್ತರ ತಪ್ಪಿಸ್ತಾ ಇದ್ದಾರೆ, ಮೇಡಂ. ಫಿಟ್ಸ್ ಪೇಷಂಟು ಅನ್ನೋದು ಸ್ಪಷ್ಟವಾಗಿದೆ."

"ಆಗ್ಲಿ! ಫಿಟ್ಸ್ ಇದ್ದೋರ ಮ್ಯಾಲೆ ಟ್ಯಾಂಕರು ಹತ್ತಿಸಬಹುದಂತ ಕಾನೂನು ಐತೇನ್ರಿ? ಇದ್ರ ತೋರಿಸ್ರಿ!"

ಹೇಳುತ್ತಿದ್ದಂತೆ ಹೊಳೆವ್ವನ ಕೈ ಗಡಗಡ ನಡುಗಿತು. ಬೆಳಗಿನಿಂದ ಒಂದೇ ಕಾಲಿನಲ್ಲಿ ನಿಂತ ಮೈ. ಸಿಟ್ಟು ಬೇರೆ. ಊರುಗೋಲು ಜಾರಿ ಠಪ್ಪನೆ ನೆಲಕ್ಕೆ ಬಿತ್ತು.

"ಬಂತು, ಬಂತು! ಫಿಟ್ಸು!" ಎಂದು ಯಾರೋ ಕೂಗಿದರು.

"ಕಬ್ಬಿಣ ಕೊಡ್ರೋ!"

ಇಂಗ್ಲಿಷಿನಲ್ಲಿ ವಾದ ಮಾಡುವ ಕೋರ್ಟು ಒಂದು ಗಳಿಗೆಯಲ್ಲಿ ಹಳ್ಳಿಯ ಕಟ್ಟೆಯಾಯಿತು. ಕಾನ್‌ಸ್ಟೇಬಲ್ ಬೆಲ್ಟು ಬಿಚ್ಚಲು ಹೋದ. ಇನ್ಶೂರೆನ್ಸ್ ವಕೀಲನ ಜೂನಿಯರ್ ಹುಡುಗಿ ಓಡಿಬಂದು ತನ್ನ ಸೀನಿಯರಿನ ಕಾರಿನ ಕೀ ತೆಗೆದು ಹೊಳೆವ್ವನ ಮುಷ್ಟಿಯೊಳಗೆ ಒತ್ತಿ ಹಿಡಿದಳು. ಹಿಂದಿನ ಬೆಂಚಿನಲ್ಲಿ ಶ್ಯಾಮಲಾ ತನ್ನೆರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಹೊಳೆವ್ವ ಮುಷ್ಟಿ ಬಿಗಿ ಮಾಡಿದಳು. ಹೊರಗೆ ಅಂಗಳದಲ್ಲಿ ಒಂದು ಕಾರು ಕುಂಯ್ ಕುಂಯ್ ಎಂದು ಬಾಯಿ ಬಡಿದುಕೊಳ್ಳತೊಡಗಿತು. ಆಕೆ ಕೈ ಬಿಡಿಸಿ ನೋಡಿದಳು. ಕಬ್ಬಿಣವೇ ಇರಲಿಲ್ಲ. ಕರಿಯ ಪ್ಲಾಸ್ಟಿಕ್ಕು.

"ತಗೋಳ್ರಿ. ನನಗ ಫಿಟ್ಸ್ ಬಂದಿಲ್ಲ, ನಿಮ್ಮ ಕಾರಿಗೆ ಬಂದೈತಿ" ಎಂದು ಅದನ್ನು ಬೆಂಚ್ ಕ್ಲರ್ಕಿನ ಮೇಜಿನ ಮೇಲೆ ಇಟ್ಟಳು. "ಟ್ಯಾಂಕರಿನ ಕೀಲಿ ಆಗಿದ್ರ ವಾಪಸ್ ಕೊಡ್ತಿದ್ದಿಲ್ಲ."

ಬೆಂಚಿನಲ್ಲಿ ಕೂತವರು, ಕೈಗೆ ಪಟ್ಟಿ ಕಟ್ಟಿದವರು, ಸೊಂಟ ಮುರಿದವರು, ಹೊಟ್ಟೆ ಹಿಡಿದು ನಕ್ಕರು. ನ್ಯಾಯಾಧೀಶೆ ಮೇಜು ಕುಟ್ಟಿದರು. ಟೈಪಿನ ಹುಡುಗಿ ಬರೆದುಕೊಂಡಳು: ಸಾಕ್ಷಿ ಉತ್ತರಿಸಲು ನಿರಾಕರಿಸಿದರು. ಸಾಕ್ಷಿ ಉದ್ರೇಕಗೊಂಡರು.

ನಗು ತೀರ್ಪಿನಲ್ಲಿ ಬರುವುದಿಲ್ಲ. ತೀರ್ಪು ಬಂದಾಗ ಸೊಣ್ಣಪ್ಪ ಓದಿ ಹೇಳಿದರು. ಅರ್ಜಿದಾರಳಿಗೆ ಫಿಟ್ಸ್ ಇದ್ದದ್ದು ದಾಖಲೆಯಿಂದ ಕಾಣುತ್ತದೆ, ಅಂಥವಳು ಒಬ್ಬಳೇ ರಸ್ತೆಯಲ್ಲಿ ನಡೆದದ್ದು ನಿರ್ಲಕ್ಷ್ಯ, ಆದ್ದರಿಂದ ಪರಿಹಾರದಲ್ಲಿ ಅರ್ಧ ಕಡಿತ. ಚಕ್ರ ಎರಡು ಸಲ ಹತ್ತಿದ್ದಕ್ಕೆ ಡ್ರೈವರಿನ ಪಾಲೂ ಅರ್ಧ. ಸಮಪಾಲು. ನ್ಯಾಯ ಅಂದರೆ ತಕ್ಕಡಿಯಲ್ಲವೆ.

ಅರ್ಧ ಕಾಲಿಗೆ ಅರ್ಧ ದುಡ್ಡು ಸರಿಹೋಯಿತು ಎಂದು ಹೊಳೆವ್ವ ನಗಲು ನೋಡಿದಳು. ಆಗಲಿಲ್ಲ.

ಫ್ಯಾಕ್ಟರಿಯಲ್ಲಿ ಕೂತು ಮಾಡುವ ಪ್ಯಾಕಿಂಗ್ ಕೆಲಸ ಕೊಡುತ್ತೇವೆಂದು ಮೊದಲು ಅಂದಿದ್ದರು. ಸಂಬಳದ ಸಾಕ್ಷಿಗೆ ಬಂದಿದ್ದ ಆಫೀಸಿನವನು ಕೋರ್ಟಿನಲ್ಲಿ ಕೇಳಿದ್ದನ್ನೆಲ್ಲ ಹೊತ್ತುಕೊಂಡು ಹೋಗಿದ್ದ. ಸೂಪರ್‌ವೈಸರು ಫೋನು ಮಾಡಿದ. "ಅಕ್ಕಾ, ಮಷೀನು ಇರೋ ಜಾಗ. ಫಿಟ್ಸ್ ಇರೋರನ್ನ ಇಟ್ಕೊಂಡ್ರೆ ನಾಳೆ ನಮ್ಮ ತಲೆಗೆ ಬರುತ್ತೆ. ಬೇಜಾರ್ ಮಾಡ್ಕೋಬೇಡಿ." ಹೊಳೆವ್ವ ಬೇಜಾರು ಮಾಡಿಕೊಳ್ಳಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಅವನು ಫೋನು ಇಟ್ಟ ಮೇಲೂ ಬೈದಳು.

ವಠಾರದಲ್ಲಿ ಸುದ್ದಿಗೆ ಸಮನ್ಸ್ ಬೇಕಿರಲಿಲ್ಲ. ಆಕೆ ಆಕಳಿಸಿದರೂ ನಲ್ಲಿಯ ಹತ್ತಿರದ ಹೆಂಗಸರು ಕೊಡ ಬಿಟ್ಟು ದೂರ ಸರಿದರು. ಆಕೆಯ ಕಾರ್ಡಿನಲ್ಲಿ ಟೈಫಾಯ್ಡು ವಾಸಿ ಮಾಡಿಕೊಂಡಿದ್ದ ಭದ್ರಮ್ಮನೇ ಎಲ್ಲರಿಗಿಂತ ದೂರ ಸರಿದಳು. ತನ್ನ ಟೈಫಾಯ್ಡಿನ ವಿಚಾರವೂ ಓದಿದರೋ ಏನೋ ಎಂಬ ಹೆದರಿಕೆ ಅವಳಿಗೆ.

ಒಂದು ಭಾನುವಾರ ಸೊಣ್ಣಪ್ಪ ತಾವೇ ವಠಾರಕ್ಕೆ ಬಂದರು. ಶ್ಯಾಮಲಾ ಅತ್ತಿಗೆಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮುರಿಗೆಪ್ಪ ಅಂಗಳದಲ್ಲಿ ಆಟೋ ಒರೆಸುತ್ತ ಭರಮಪ್ಪನಿಗೆ ಹೇಳುತ್ತಿದ್ದ, ಒಳಗೆ ಕೇಳಿಸಲಿ ಎಂದೇ.

"ತಪ್ಪು ತಿಳೀಬ್ಯಾಡ ಮಾವ, ನಮ್ಮ ಹುಡುಗ್ರನ್ನ ಅಕ್ಕಾರ ಹತ್ರ ಬಿಡಬ್ಯಾಡ ಅಂದೀನಿ. ಎತ್ಕೊಂಡಾಗ ಬಂದ್ರ? ಪುಣ್ಯಕ್ಕ ಅಕ್ಕಾರು ಹೊರಗಿಂದ ಬಂದೋರು, ನಿಮ್ಮ ರಕ್ತ ಅಲ್ಲ. ಇಲ್ಲಂದ್ರ ನಮ್ಮ ಶ್ಯಾಮಲಾಗೂ ಬರ್ತಿತ್ತು ನೋಡು."

ಭರಮಪ್ಪ "ಹೂಂ" ಎಂದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಸೊಣ್ಣಪ್ಪ ಹೊಸಿಲಲ್ಲಿ ಕೂತು ಚಹಾ ಕುಡಿದರು. "ಹೈಕೋರ್ಟಿಗೆ ಹಾಕೋಕೆ ಇನ್ನೂ ಟೈಮಿದೆಯಮ್ಮ. ಆ ಇನ್ನರ್ಧ ಪೂರಾ ಬರುತ್ತೆ. ಆ ಹೆಂಗಸನ್ನ ಕರ್ಕೊಂಡು ಬಾ, ಅಷ್ಟೇ. ಎಲ್ಲಿದ್ದಾಳೆ ಅವಳು? ಬದುಕಿದ್ದಾಳೆ ತಾನೆ?"

ಮುರಿಗೆಪ್ಪ ಒರೆಸುವುದನ್ನು ಬಿಟ್ಟು ಕಿವಿ ಕೊಟ್ಟ. "ಯಾವ ಹೆಂಗಸ್ರೀ?"

ರೊಟ್ಟಿಯ ಸದ್ದು ಇನ್ನೊಮ್ಮೆ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಹೊರಗೆ ಬಂತು. ಶ್ಯಾಮಲಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಬಾಯಿ ತೆರೆದಳು. ಗಂಡನ ಮುಖ ನೋಡಿದಳು. ಮುಚ್ಚಿದಳು.

ಹೊಳೆವ್ವ ನೋಡಿದಳು. ಬೈಯಲಿಲ್ಲ.

"ಯಾವ ಹೆಂಗಸೂ ಇಲ್ರಿ ವಕೀಲ್ರ. ಫಿಟ್ಸ್ ನಂದ. ಚಹಾ ಆರ್ತೈತಿ, ಕುಡೀರಿ."

ಸೊಣ್ಣಪ್ಪ ಲೋಟ ಇಟ್ಟು ಎದ್ದು ಹೋದರು. ಹೈಕೋರ್ಟಿಗೆ ಹಾಕುವ ಗಡುವು ಮುಗಿಯಿತು. ಶ್ಯಾಮಲಾಳ ಹೆಸರನ್ನು ಹೊಳೆವ್ವ ಯಾರಿಗೂ ಹೇಳಲಿಲ್ಲ.